ನಂಬರು ಉಳಿಯಿತು, ಬಸ್ಸು ಗುಜರಿಗೆ ಹೋಯಿತು

ಬೆಂಗಳೂರಿನಲ್ಲಿ ಬಸ್ಸಿಗೆ ಆಯುಷ್ಯ ಕಡಿಮೆ, ಬಸ್ಸಿನ ನಂಬರಿಗೆ ಜಾಸ್ತಿ. 335ಇ ಅಂದರೆ ಕಾಡುಗೋಡಿ, 317 ಅಂದರೆ ಹೊಸಕೋಟೆ, 365 ಅಂದರೆ ಬನ್ನೇರುಘಟ್ಟ, 356 ಅಂದರೆ ಹೊಸೂರು ರಸ್ತೆ. ಕೆರೆಗಳು ಬಡಾವಣೆಗಳಾದವು, ರಸ್ತೆಯ ಮೇಲೊಂದು ರಸ್ತೆ ಬಂತು, ಅದರ ಮೇಲೆ ಮೆಟ್ರೊ ಬಂತು. ನಂಬರುಗಳು ಮಾತ್ರ ಅಲ್ಲಾಡಲಿಲ್ಲ. ಊರು ಬಿಟ್ಟು ಹತ್ತಿಪ್ಪತ್ತು ವರ್ಷ ಆಚೆ ಇದ್ದು ಬಂದವರು ಕೂಡ ಮೆಜೆಸ್ಟಿಕ್ಕಿನಲ್ಲಿ ನಿಂತು ಹಣೆಯ ಬೋರ್ಡು ನೋಡಿದರೆ ದಿಕ್ಕು ತಪ್ಪುವುದಿಲ್ಲ.

ನಂಬರು ಹೊತ್ತ ಬಸ್ಸಿನ ಕಥೆ ಬೇರೆ. ಕೆಂಪು ಬಿಟಿಎಸ್ ಹೋಯಿತು, ನೀಲಿ-ಬಿಳಿ ಬಿಎಂಟಿಸಿ ಬಂತು, ಕಾಫಿ ಬಣ್ಣದ ಪುಷ್ಪಕ್ ಬಂದು ಹೋಯಿತು, ವೋಲ್ವೊ ಬಂತು, ಈಗ ಸದ್ದಿಲ್ಲದ ವಿದ್ಯುತ್ ಬಸ್ಸು. ಡಬಲ್ ಡೆಕರ್‌ಗಳು 1990ರ ದಶಕದ ಕೊನೆಯ ಹೊತ್ತಿಗೇ ಮರೆಯಾಗಿದ್ದವು. ಹೀಗಾಗಿ ಹಳೆಯ ಬಸ್ಸು ಹತ್ತಿ ಹಳೆಯ ಮಾರ್ಗದಲ್ಲಿ ಒಂದು ದಿನ ಸುತ್ತೋಣ ಎಂದು ಹೊರಟರೆ ಈ ಊರಿನಲ್ಲಿ ಅರ್ಧ ಆಸೆ ಮಾತ್ರ ತೀರುತ್ತದೆ. ಮಾರ್ಗ ಸಿಗುತ್ತದೆ, ಬಸ್ಸು ಸಿಗುವುದಿಲ್ಲ.

ಇಡೀ ಆಸೆ ತೀರಿಸಿಕೊಳ್ಳುವ ಊರುಗಳಿವೆ. ಲಂಡನ್ನಿನಲ್ಲಿ ಹಿಂಬದಿ ಬಾಗಿಲಿಲ್ಲದ ರೂಟ್‌ಮಾಸ್ಟರ್ ಬಸ್ಸುಗಳನ್ನು 2005ರ ಡಿಸೆಂಬರ್ 9ರಂದು ದಿನನಿತ್ಯದ ಸೇವೆಯಿಂದ ತೆಗೆದರು. ಆದರೆ ಅದೇ ವರ್ಷ 9 ಮತ್ತು 15ನೇ ನಂಬರಿನ ಮಾರ್ಗಗಳಲ್ಲಿ ಕೆಲವನ್ನು ಪಾರಂಪರಿಕ ಬಸ್ಸುಗಳೆಂದು ಹಲವು ವರ್ಷ ಉಳಿಸಿಕೊಂಡಿದ್ದರು. ಇನ್ನೂ ಸ್ವಾರಸ್ಯದ್ದು ಅದೇ ದೇಶದ ಇಂಬರ್ ಎಂಬ ಹಳ್ಳಿಯ ಕಥೆ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಸೈನಿಕ ತರಬೇತಿಗೆಂದು ಊರನ್ನು ಖಾಲಿ ಮಾಡಿಸಿದರು. ಜನ ಮತ್ತೆ ಅಲ್ಲಿಗೆ ಮರಳಲಿಲ್ಲ. ಆ ನಿರ್ಜನ ಊರಿಗೆ 2009ರಿಂದ ವರ್ಷಕ್ಕೊಂದು ದಿನ ಹಳೆಯ ಬಸ್ಸುಗಳು ಓಡುತ್ತವೆ. ವೇಳಾಪಟ್ಟಿ ಉಂಟು, ಟಿಕೆಟ್ ಉಂಟು, ಇಳಿಯುವ ಊರಿನಲ್ಲಿ ಮನುಷ್ಯರೇ ಇಲ್ಲ. ಇದರ ಹಿಂದೆ ಇದ್ದವರಲ್ಲಿ ಒಬ್ಬರು ಆಗ ಲಂಡನ್ ಸಾರಿಗೆಯ ಮುಖ್ಯಸ್ಥರಾಗಿದ್ದ ಪೀಟರ್ ಹೆಂಡಿ. ಹುಚ್ಚು ಎಂದು ನಗಬಹುದು. ಆದರೆ ಸಾರಿಗೆಯ ಅತಿ ದೊಡ್ಡ ಅಧಿಕಾರಿಗೇ ಬಸ್ಸಿನ ಹುಚ್ಚಿದ್ದರೆ ಊರಿಗೆ ಲಾಭವೇ ಹೊರತು ನಷ್ಟವಿಲ್ಲ.

ಅಷ್ಟು ದೂರ ಬೇಡ. ಕಲಬುರಗಿ, ಬೀದರ್, ರಾಯಚೂರುಗಳೂ ಸೇರಿದ್ದ ನಿಜಾಮರ ಸಂಸ್ಥಾನದಲ್ಲಿ 1932ರಲ್ಲಿ 27 ಬಸ್ಸುಗಳೊಂದಿಗೆ ಸರ್ಕಾರಿ ರಸ್ತೆ ಸಾರಿಗೆ ಶುರುವಾಯಿತು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನು ಹೈದರಾಬಾದಿನ ಬಸ್ ಭವನದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಮುಂಬೈಯ ಬೆಸ್ಟ್ ಸಂಸ್ಥೆಯದು ಆಣಿಕ್ ಡಿಪೋದಲ್ಲಿ ಒಂದು ವಸ್ತುಸಂಗ್ರಹಾಲಯವೇ ಇದೆ. 2023ರ ಸೆಪ್ಟೆಂಬರ್ 15ರಂದು ಹಳೆಯ ಕೆಂಪು ಡಬಲ್ ಡೆಕರ್ ಕೊನೆಯ ಟ್ರಿಪ್ ಓಡಿಸಿದಾಗ ಜನ ಅದಕ್ಕೆ ಹಾರ ಹಾಕಿ ಬೀಳ್ಕೊಟ್ಟರು. ನಮ್ಮ ಮೈಸೂರಿನಲ್ಲಿ ‘ಅಂಬಾರಿ’ ಹೆಸರಿನ ತೆರೆದ ಮಹಡಿಯ ಬಸ್ಸು ಅರಮನೆಯ ಸುತ್ತ ಓಡುತ್ತದೆ. ಚೆನ್ನಾಗಿದೆ, ಮಕ್ಕಳಿಗೆ ಖುಷಿ. ಆದರೆ ಅದು ಪ್ರವಾಸಿಗರಿಗೆಂದೇ ಹೊಸದಾಗಿ ಮಾಡಿದ ಬಸ್ಸು. ಯಾರೂ ಅದರಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋದದ್ದಿಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ಪಾರಂಪರಿಕ ಬಸ್ಸು ಅಂದಕೂಡಲೇ ನಮ್ಮ ಮನಸ್ಸು ವಿಧಾನಸೌಧ, ಕಬ್ಬನ್ ಪಾರ್ಕು, ಲಾಲ್‌ಬಾಗ್ ಕಡೆ ಓಡುತ್ತದೆ. ನನ್ನ ವಾದ ಬೇರೆ. ಬೆಂಗಳೂರಿನ ಬಸ್ಸಿನ ಚರಿತ್ರೆ ಇರುವುದು ಊರಿನ ನಡುವೆ ಅಲ್ಲ, ಅಂಚಿನಲ್ಲಿ. ಕಾರ್ಖಾನೆಗಳೂ ಟೆಕ್ ಪಾರ್ಕುಗಳೂ ಇರುವ ಹೊರಪಟ್ಟಿಯಲ್ಲಿ. ನಂಬದಿದ್ದರೆ ಒಂದು ಭಾನುವಾರ 80 ರೂಪಾಯಿಯ ದಿನದ ಪಾಸು ಕೊಂಡು ನೀವೇ ಹೊರಡಿ. ಹೆಣ್ಣುಮಕ್ಕಳಿಗೆ ಆ ಖರ್ಚೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇದ್ದೇ ಇದೆ.

ಮೊದಲ ಬಸ್ಸು 335ಇ ಆಗಿರಲಿ. ಹತ್ತುವುದು ಮೆಜೆಸ್ಟಿಕ್ಕಿನಲ್ಲಿ, ಅಂದರೆ ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಾರ್ಪೊರೇಷನ್, ದೊಮ್ಮಲೂರು ದಾಟಿ ಹಳೆಯ ವಿಮಾನ ನಿಲ್ದಾಣದ ರಸ್ತೆ ಹಿಡಿದರೆ ಎಚ್‌ಎಎಲ್. ಇಲ್ಲಿ ಇಳಿಯಿರಿ. ಪಾರಂಪರಿಕ ಕೇಂದ್ರದಲ್ಲಿ ವಿಮಾನಗಳನ್ನು ನೋಡಿ, ಬೇಡ ಅನ್ನುವುದಿಲ್ಲ. ಆದರೆ ಆ ಕಾಂಪೌಂಡಿನೊಳಗೆ ನಡೆದ ಇನ್ನೊಂದು ಕೆಲಸ ನೆನಪಿರಲಿ.

1940ರಲ್ಲಿ ಬೆಂಗಳೂರಿಗೆ ಎರಡು ಸಂಸ್ಥೆಗಳು ಬಂದವು. ಒಂದು, ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ, ಇಂದು ಎಚ್‌ಎಎಲ್ ಎನಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್. ಇನ್ನೊಂದು, ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ, ನಗರದ ಮೊದಲ ವ್ಯವಸ್ಥಿತ ಬಸ್ ಸಂಸ್ಥೆ. ಒಂದರ ಕಣ್ಣು ಆಕಾಶದ ಮೇಲೆ, ಇನ್ನೊಂದರದು ರಸ್ತೆಯ ಮೇಲೆ. ಯುದ್ಧ ಮುಗಿಯಿತು, ವಿಮಾನ ರಿಪೇರಿಯ ಕೆಲಸ ಇಳಿಯಿತು. ಅಲ್ಯುಮಿನಿಯಂ ತಗಡು ಬಗ್ಗಿಸಲು, ಸಾಲಾಗಿ ರಿವೆಟ್ ಹೊಡೆಯಲು ಪಳಗಿದ ಕೈಗಳು ಸುಮ್ಮನೆ ಕೂರುವಂತಾಯಿತು. ಆಗ ಆ ಕಾರ್ಖಾನೆ ಬಸ್ಸಿನ ಬಾಡಿಗಳನ್ನೂ ರೈಲು ಬೋಗಿಗಳನ್ನೂ ಕಟ್ಟತೊಡಗಿತು. ಯೋಚಿಸಿ ನೋಡಿದರೆ ಅದು ಸಹಜವೇ. ವಿಮಾನದ ಹೊಟ್ಟೆಗೂ ಬಸ್ಸಿನ ಬಾಡಿಗೂ ಬೇಕಾದ ವಿದ್ಯೆ ಹೆಚ್ಚುಕಡಿಮೆ ಒಂದೇ: ಹಗುರವಾದ ಪಂಜರ, ಅದರ ಮೇಲೆ ತೆಳು ತಗಡಿನ ಚರ್ಮ. ಮರದ ಚೌಕಟ್ಟಿಗೆ ತಗಡು ಹೊಡೆದು ಬಸ್ಸು ಕಟ್ಟುತ್ತಿದ್ದ ಕಾಲದಲ್ಲಿ ಪೂರ್ತಿ ಲೋಹದ ಬಾಡಿ ದೊಡ್ಡ ಜಿಗಿತ. ಮುಂದೆ 1964ರಲ್ಲಿ ಬಿಇಎಂಎಲ್ ಹುಟ್ಟಿ, ಬೋಗಿಯ ವಿಭಾಗ ಅದರ ಪಾಲಾಯಿತು. ಅದೇ ಬಿಇಎಂಎಲ್ ನಮ್ಮ ಮೆಟ್ರೊದ ಮೊದಲ ಹಂತದ ರೈಲುಗಳನ್ನು ಕಟ್ಟಿಕೊಟ್ಟಿತು. ಇಂದು ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡಿಗೆ ಓಡುವ ಆ ರೈಲುಗಳ ವಂಶವೃಕ್ಷದಲ್ಲಿ ಹೀಗೊಂದು ಬಸ್ಸಿನ ಬಾಡಿ ಇದೆ.

ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯನ್ನು 1956ರಲ್ಲಿ ರಾಷ್ಟ್ರೀಕರಣ ಮಾಡಿದರು. ಅದು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಆಯಿತು, ಬಿಟಿಎಸ್. ‘ಬಿಟ್ರೆ ತಿರ್ಗ ಸಿಗೋಲ್ಲ’ ಎಂದು ಜನ ಅದಕ್ಕೆ ಕೊಟ್ಟ ವಿಸ್ತರಣೆ ಸರ್ಕಾರಿ ಹೆಸರಿಗಿಂತ ಹೆಚ್ಚು ಬಾಳಿತು. 1961ರಲ್ಲಿ ರಾಜ್ಯದ ಸಾರಿಗೆ ಇಲಾಖೆ ನಿಗಮವಾಯಿತು. 1997ರ ಆಗಸ್ಟ್ 15ರಂದು ನಗರದ ಬಸ್ಸುಗಳು ಬಿಎಂಟಿಸಿಯಾಗಿ ಬೇರೆಯಾದವು. ಬೋರ್ಡು ಬದಲಾದರೂ ಸಂಸಾರ ಅದೇ.

ಮತ್ತೆ 335ಇ ಹತ್ತಿ. ಮಾರತಹಳ್ಳಿ, ಕುಂದಲಹಳ್ಳಿ ಗೇಟು, ಐಟಿಪಿಎಲ್, ಹೋಪ್ ಫಾರ್ಮ್, ಕಾಡುಗೋಡಿ. ಈ ಕಡೆಯ ನಿಲ್ದಾಣಗಳ ಹೆಸರನ್ನು ಕಂಡಕ್ಟರ್ ಬಾಯಲ್ಲಿ ಕೇಳಬೇಕು. ಧ್ವನಿಮುದ್ರಿತ ಹೆಣ್ಣುದನಿಯಲ್ಲಿ ಆ ರುಚಿ ಇಲ್ಲ. ಗ್ರಾಫೈಟ್ ಇಂಡಿಯಾ ಕಾರ್ಖಾನೆ 2019ರಲ್ಲಿ ಮುಚ್ಚಿತು, ‘ಗ್ರಾಫೈಟ್ ಇಂಡಿಯಾ’ ಅಂತ ಇಳಿಯುವವರು ಇನ್ನೂ ಇದ್ದಾರೆ. ಅತ್ತ ತುಮಕೂರು ರಸ್ತೆಯಲ್ಲಿ ‘8ನೇ ಮೈಲಿ’ ಇದೆ. ದೇಶ ಕಿಲೋಮೀಟರಿಗೆ ಬದಲಾಗಿ ಅರ್ಧ ಶತಮಾನ ದಾಟಿದರೂ ಆ ಮೈಲಿಗಲ್ಲನ್ನು ಬಸ್ಸೇ ಉಳಿಸಿಕೊಂಡಿದೆ. ಪುರಾತತ್ವ ಇಲಾಖೆ ಮಾಡದ ಕೆಲಸವನ್ನು ಕಂಡಕ್ಟರುಗಳು ಸಂಬಳದೊಳಗೇ ಮಾಡುತ್ತಿದ್ದಾರೆ.

ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ. ಆಂಗ್ಲೋ ಇಂಡಿಯನ್ನರು ತೋಟ ಮಾಡಿಕೊಂಡು ಇರಲೆಂದು ಚಾಮರಾಜೇಂದ್ರ ಒಡೆಯರ್ ಕೊಟ್ಟ ಜಾಗ. ಅದು ದೇಶಕ್ಕೆಲ್ಲ ಗೊತ್ತಾದದ್ದು ನೂರು ವರ್ಷ ಕಳೆದು ಟೆಕ್ ಪಾರ್ಕ್ ಬಂದ ಮೇಲೆ. ಇಲ್ಲಿಗೆ ಮೆಟ್ರೊ ಬಂದದ್ದು 2023ರ ಮಾರ್ಚಿನಲ್ಲಿ. ನಡುವಿನ ಅಷ್ಟೂ ವರ್ಷ ಲಕ್ಷಾಂತರ ಜನರನ್ನು ಹೊತ್ತದ್ದು ಬಸ್ಸು. ಆ ಅವಧಿಯ ನಿಜವಾದ ನಾಯಕ ಯಾರೆಂದು ಕೇಳಿದರೆ ನಾನು ವೋಲ್ವೊ ಎನ್ನುತ್ತೇನೆ.

ಕಾಡುಗೋಡಿಯಿಂದ ಹೊಸಕೋಟೆ ದೂರವಲ್ಲ. ವೋಲ್ವೊ ಕಂಪನಿ ಅಲ್ಲಿ 1998ರಲ್ಲಿ ಟ್ರಕ್ಕು, 2001ರಲ್ಲಿ ಬಸ್ಸು ಮಾಡಲು ಶುರುಮಾಡಿತು. ಮೊದಲು ದೂರದೂರಿಗೆ ರಾತ್ರಿ ಓಡುವ ಬಸ್ಸುಗಳು. 2006ರಲ್ಲಿ ಬಿಎಂಟಿಸಿ ಅದರ ನಗರ ಬಸ್ಸನ್ನು ರಸ್ತೆಗಿಳಿಸಿತು; ದೇಶದಲ್ಲೇ ಮೊದಲು. ಆ ತನಕ ನಮ್ಮ ನಗರದ ಬಸ್ಸು ಎಂದರೆ ಮೂಲದಲ್ಲಿ ಲಾರಿ. ಲಾರಿಯ ಚಾಸಿಯ ಮೇಲೆ ಸೀಟಿನ ಡಬ್ಬ ಕೂರಿಸಿದ್ದು. ಹಾಗಾಗಿ ಮೆಟ್ಟಿಲು ಎತ್ತರ, ಎಂಜಿನ್ ಡ್ರೈವರ್ ಪಕ್ಕದಲ್ಲೇ ಗುಡುಗುವುದು, ಬಿಸಿ ಬಾನೆಟ್ಟಿನ ಮೇಲೆ ಕೂತವರ ಬೆನ್ನು ಬೇಯುವುದು. ವೋಲ್ವೊದಲ್ಲಿ ಎಂಜಿನ್ ಹಿಂದಕ್ಕೆ ಹೋಯಿತು, ನೆಲ ಕೆಳಗಿಳಿಯಿತು, ಗೇರು ತಾನೇ ಬದಲಾಗುವಂತಾಯಿತು, ನಿಲ್ದಾಣದಲ್ಲಿ ಬಸ್ಸು ಫುಟ್‌ಪಾತಿನ ಕಡೆ ಮೈ ಬಾಗಿಸಿತು. ಸೀರೆ ಉಟ್ಟ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. ಕಾರಿದ್ದವರು ಕಾರು ಬಿಟ್ಟು ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆಗೆದರು. ಸಾಮಾನ್ಯ ಬಸ್ಸಿನ ಪ್ರಯಾಣಿಕ ಮಾತ್ರ ಅದರ ದರ ನೋಡಿ ಹಿಂದಿನ ಬಸ್ಸಿಗೆ ಕಾದ. ಅದೂ ಈ ಕಥೆಯ ಭಾಗವೇ.

ಹೊಸೂರು ರಸ್ತೆಯ ನೆನಪು ಬೇರೆ ಬಗೆಯದು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗರು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡರು. ಅದೇ ರಸ್ತೆಯಲ್ಲಿ ಗಡಿ ದಾಟಿದರೆ ಹೊಸೂರು. ಕನ್ನಡ ಇನ್ನೂ ಕಿವಿಗೆ ಬೀಳುವ ಊರು. ಅಲ್ಲಿ 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಎದ್ದಿತು. ಆ ಮೇಲೆ ಈ ರಸ್ತೆಯಲ್ಲಿ ಒಂದು ವಿಚಿತ್ರ ಮೆರವಣಿಗೆ ಕಾಣುತ್ತಿತ್ತು: ಬಾಡಿ ಇಲ್ಲದ ಬರೀ ಚಾಸಿಗಳು. ಎಂಜಿನ್, ಎರಡು ಉಕ್ಕಿನ ತೊಲೆ, ಚಕ್ರ, ಸ್ಟೇರಿಂಗು. ಚಾವಣಿಯಿಲ್ಲ, ಗಾಜಿಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡು, ತಾತ್ಕಾಲಿಕ ಸೀಟಿನ ಮೇಲೆ ಕೂತು, ಬಿಸಿಲು ಮಳೆ ಎನ್ನದೆ ಓಡಿಸುವ ಡ್ರೈವರು. ಬಾಡಿ ಕಟ್ಟುವ ಷೆಡ್ಡು ತಲುಪಿದ ಮೇಲೆ ಅದೇ ಚಾಸಿ ಬಸ್ಸಾಗುತ್ತಿತ್ತು. ಒಂದೇ ಚಾಸಿಗೆ ಒಬ್ಬ ಮೇಸ್ತ್ರಿ ಕೊಟ್ಟ ಮುಖ ಇನ್ನೊಬ್ಬ ಕೊಡುತ್ತಿರಲಿಲ್ಲ. ಈಗ ಬಸ್ಸಿನ ಬಾಡಿಗೆ ಕೇಂದ್ರದ ಕಟ್ಟುನಿಟ್ಟಿನ ಮಾನದಂಡವಿದೆ. ಸುರಕ್ಷತೆಗೆ ಅದು ಬೇಕೇ ಬೇಕು. ಮುಖಗಳೆಲ್ಲ ಒಂದೇ ಆದವು ಎನ್ನುವುದು ನನ್ನಂಥವರ ತಕರಾರು, ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ.

ಎಲೆಕ್ಟ್ರಾನಿಕ್ ಸಿಟಿಗೆ 2010ರ ಜನವರಿಯಲ್ಲಿ ಮೇಲ್ಸೇತುವೆ, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂತು. ಅಲ್ಲಿಂದ ಸಿಲ್ಕ್ ಬೋರ್ಡಿಗೆ ಬಂದು ಹೊರವರ್ತುಲ ರಸ್ತೆಯ 500ರ ಸರಣಿಯ ಬಸ್ಸುಗಳನ್ನು ಬದಲಿಸುತ್ತ ಟಿನ್ ಫ್ಯಾಕ್ಟರಿ, ಹೆಬ್ಬಾಳದ ಮೇಲೆ ಗೊರಗುಂಟೆಪಾಳ್ಯ ತಲುಪಿದರೆ ಅದು ಪೀಣ್ಯದ ಬಾಗಿಲು.

ಪೀಣ್ಯ, ಜಾಲಹಳ್ಳಿ ಸುತ್ತ ಬಸ್ಸು ಎಂದರೆ ಪಾಳಿ. ಎಚ್‌ಎಂಟಿ, ಬಿಇಎಲ್, ಆಚೆ ಐಟಿಐ. ಇವುಗಳ ನೌಕರರನ್ನು ಕರೆತರಲು ಬೆಳಗಿನ ಜಾವ ಬಡಾವಣೆಗಳ ಮೂಲೆಮೂಲೆಯಲ್ಲಿ ಫ್ಯಾಕ್ಟರಿ ಬಸ್ಸು ನಿಲ್ಲುತ್ತಿತ್ತು. ಟಿಫಿನ್ ಕ್ಯಾರಿಯರ್ ಹಿಡಿದ ಸಾಲು, ಕಿಟಕಿ ಸೀಟಿಗೆ ಅಲಿಖಿತ ಹಕ್ಕು, ಹಿಂಬದಿಯಲ್ಲಿ ಇಸ್ಪೀಟು. ಇವತ್ತು ಐಟಿ ಕಂಪನಿಗಳ ಬಿಳಿ ಬಸ್ಸು, ಕ್ಯಾಬುಗಳನ್ನು ನೋಡಿ ಹೊಸ ವ್ಯವಸ್ಥೆ ಅಂದುಕೊಳ್ಳುವವರು ಇದನ್ನು ತಿಳಿದಿರಬೇಕು. ಎಚ್‌ಎಂಟಿ ತನ್ನ ಗಡಿಯಾರಗಳಿಗೆ ಜಾಲಹಳ್ಳಿಯಲ್ಲಿ ಸೊಗಸಾದ ಪಾರಂಪರಿಕ ಕೇಂದ್ರ ಮಾಡಿಕೊಂಡಿದೆ. ಆ ಗಡಿಯಾರ ಕಟ್ಟಿದವರನ್ನು ಸಮಯಕ್ಕೆ ಸರಿಯಾಗಿ ತಲುಪಿಸಿದ ಬಸ್ಸಿಗೆ ಎಲ್ಲೂ ಜಾಗವಿಲ್ಲ.

ಯಾಕೆ ಇಲ್ಲ? ಉದಾಸೀನ ಒಂದು ಕಾರಣ. ಕಾನೂನು ಇನ್ನೊಂದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಸಾರಿಗೆ ನಿಗಮಗಳ ಬಸ್ಸುಗಳೂ ಸೇರಿ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಆ ವರ್ಷದ ಏಪ್ರಿಲ್ 1ರಿಂದ ರದ್ದು. ಅವು ಗುಜರಿಗೇ ಹೋಗಬೇಕು. ಹೊಗೆ ಉಗುಳುವ ಮುದಿ ಬಸ್ಸು ದಿನವೂ ಓಡಬಾರದು ಎನ್ನುವುದಕ್ಕೆ ನನ್ನ ಒಪ್ಪಿಗೆಯಿದೆ. ತೊಂದರೆ ಇರುವುದು ಇನ್ನೊಂದು ತುದಿಯಲ್ಲಿ. 2021ರಲ್ಲಿ ಕೇಂದ್ರವೇ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಶೇಷ ನಂಬರು. 20,000 ರೂಪಾಯಿ ಶುಲ್ಕ. ಹತ್ತು ವರ್ಷದ ನೋಂದಣಿ. ರ‍್ಯಾಲಿ, ಪ್ರದರ್ಶನಗಳಿಗೆ ರಸ್ತೆಗಿಳಿಸಬಹುದು. ಒಳ್ಳೆಯದೇ. ಆದರೆ ಅದು ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ.

ಅಂದರೆ ಜಮೀನ್ದಾರರ ಡಾಡ್ಜ್ ಕಾರು ಪರಂಪರೆ, ಸಾವಿರಾರು ಜನ ಹತ್ತಿಳಿದ ಬಸ್ಸು ಪರಂಪರೆಯಲ್ಲ. 15 ವರ್ಷಕ್ಕೆ ಒಡೆದುಹಾಕಲೇಬೇಕಾದ ವಸ್ತು 50 ವರ್ಷದ ವಯಸ್ಸು ಮುಟ್ಟುವುದು ತಾನೇ ಹೇಗೆ? 2006ರ ಆ ಮೊದಲ ವೋಲ್ವೊಗಳು ಇದೇ ಲೆಕ್ಕದಲ್ಲಿ 2021ಕ್ಕೇ ಮುದಿಯಾದವು.

ಇದಕ್ಕೆ ಬರುವ ಆಕ್ಷೇಪ ಗೊತ್ತು. ಇರುವ ಜನಕ್ಕೇ ಬಸ್ಸು ಸಾಲದು, ಆಫೀಸು ಬಿಡುವ ಹೊತ್ತಿಗೆ ಮಾರತಹಳ್ಳಿ ಸೇತುವೆಯ ಕೆಳಗೆ ಕಾಲಿಡಲು ಜಾಗವಿಲ್ಲ, ಇಂಥದರಲ್ಲಿ ಹಳೇ ಬಸ್ಸಿಗೆ ಹಣ ಸುರಿಯಬೇಕೇ? ಬೇಡ. ಹೊಸ ಬಸ್ಸು ಕೊಳ್ಳುವ ಹಣದಲ್ಲಿ ಒಂದು ಪೈಸೆಯೂ ಬೇಡ. ಹಳೆಯ ಬಸ್ಸು ಸುಖವಾಗಿತ್ತು ಎಂದೂ ನಾನು ಹೇಳುತ್ತಿಲ್ಲ. ಅದು ಗಡಗಡ ನಡುಗುತ್ತಿತ್ತು, ಮಳೆ ಬಂದರೆ ಕಿಟಕಿಯ ಷಟರ್ ಇಳಿಯುತ್ತಿರಲಿಲ್ಲ, ಅಂಗವಿಕಲರಿಗೆ ಅದು ಮುಚ್ಚಿದ ಬಾಗಿಲೇ ಆಗಿತ್ತು. ಅದನ್ನು ಮಕ್ಕಳು ಹತ್ತಿ ನೋಡಿದರೆ ತಾನೇ ತಗ್ಗು ನೆಲದ ಬಸ್ಸಿನ ಬೆಲೆ ತಿಳಿಯುವುದು?

ಬೇಕಾದ್ದೆಲ್ಲ ಹೊರಪಟ್ಟಿಯಲ್ಲೇ ಇದೆ. ಮಾರುಕಟ್ಟೆಯಲ್ಲಿ ಸಿಗದ ಹಳೆಯ ಎಂಜಿನ್ನಿನ ಬಿಡಿಭಾಗವನ್ನು ಮಾದರಿ ನೋಡಿ ಕಡೆದು ಕೊಡುವ ಲೇತುಗಳು, ಎರಕದ ಮನೆಗಳು ಪೀಣ್ಯದಲ್ಲಿವೆ. ಅದಕ್ಕೆ ಹಣ ಕೊಡಬಲ್ಲ ಕಂಪನಿಗಳು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿವೆ. ಭಾನುವಾರ ಈ ಎರಡೂ ಕಡೆ ರಸ್ತೆ ಖಾಲಿ. ಹಳೆಯ ಸ್ಟೇರಿಂಗು ಹಿಡಿದು ತೋಳು ನೋಯಿಸಿಕೊಂಡ ನಿವೃತ್ತ ಡ್ರೈವರುಗಳು, ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆದುಕೊಟ್ಟ ಕಂಡಕ್ಟರುಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಜಾಗಕ್ಕೂ ಹುಡುಕಬೇಕಿಲ್ಲ. ಕೆಎಸ್‌ಆರ್‌ಟಿಸಿ 2014ರಲ್ಲಿ ಪೀಣ್ಯದಲ್ಲಿ ತೆರೆದ ಬಸವೇಶ್ವರ ಬಸ್ ನಿಲ್ದಾಣಕ್ಕೆ ಪ್ರಯಾಣಿಕರು ಬರಲಿಲ್ಲ, ಅದು ವರ್ಷಗಟ್ಟಲೆ ಬಿಕೋ ಎಂದಿತು. ಅಂಥ ಕಡೆ ಒಂದು ಮೂಲೆ ಸಾಕು.

ಬಿಎಂಟಿಸಿಗೆ, ಕೆಎಸ್‌ಆರ್‌ಟಿಸಿಗೆ ಕೇಳುವುದು ಇಷ್ಟೇ. ಪ್ರತಿ ಬಗೆಯ ಬಸ್ಸಿನಲ್ಲಿ ಒಂದನ್ನು, ಒಂದೇ ಒಂದನ್ನು, ಹರಾಜಿನ ಪಟ್ಟಿಯಿಂದ ಹೊರಗಿಡಿ. ಕಂಡಕ್ಟರ್ ಚೀಲ, ಟಿಕೆಟ್ ಕಟ್ಟು, ರೂಟ್ ಬೋರ್ಡುಗಳನ್ನೂ ಜೊತೆಗಿಡಿ. ರಾಜ್ಯದ ಸಾರಿಗೆ ಇಲಾಖೆ ವಿಂಟೇಜ್ ನಿಯಮದಲ್ಲಿ ಸಾರ್ವಜನಿಕ ಬಸ್ಸನ್ನೂ ಸೇರಿಸುವಂತೆ ಕೇಂದ್ರಕ್ಕೆ ಒಂದು ಪತ್ರ ಬರೆಯಲಿ. ಅನುಮತಿ ಸಿಗುವ ತನಕ ಬಸ್ಸು ಡಿಪೋ ಆವರಣದಲ್ಲೇ ಒಂದು ಸುತ್ತು ಹಾಕಲಿ. ಸಿಕ್ಕಿದ ಮೇಲೆ ವರ್ಷಕ್ಕೊಂದು ಭಾನುವಾರ ಎಚ್‌ಎಎಲ್‌ನಿಂದ ಕಾಡುಗೋಡಿಗೆ ಓಡಲಿ. ನಂಬರಿಗೆ ಯೋಚಿಸಬೇಕಿಲ್ಲ, 335ಇ ಇದ್ದೇ ಇದೆ. ಮುಂದಿನ ಗುಜರಿ ಹರಾಜಿನ ದಿನಾಂಕ ಗೊತ್ತಾಗುವ ಮೊದಲೇ ಆ ಪತ್ರ ಹೊರಡಲಿ.